ಮೋಪಿನ ಕೋಲು, ಮಧ್ಯರಾತ್ರಿಯ ನೆರಳು

ಮಕ್ಕಳೇ, ಉತ್ತರ ಧ್ರುವದ ಕಡೆ ಹೋಗಿ ಬಂದವರ ಕಥೆ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ನಾಯಿಗಳು ಎಳೆಯುವ ಬಂಡಿ, ಗಡ್ಡದಲ್ಲಿ ಹಿಮ ಹಿಡಿದ ಸಾಹಸಿಗರು. ಈ ಸಲ ನಾನು ಹೇಳುವುದು ಬ್ರೆಡ್ ಬೇಯಿಸುವವರೊಬ್ಬರ ಕಥೆ. ಅವರು ನನ್ನ ಸೋದರಮಾವನ ಮಗ, ನನಗೆ ಭಾವ. ಕಾಸರಗೋಡಿನ ಕರಾವಳಿಯಲ್ಲಿ ಹಡಗಿನ ಕೆಲಸಕ್ಕೆ ಹೋದವರು ಊರೂರಲ್ಲಿ ಉಂಟು, ನಿಮ್ಮ ಮನೆಯಲ್ಲೂ ಇರಬಹುದು. ನಮ್ಮ ಭಾವ ಒಂದು ಪ್ರವಾಸಿ ಹಡಗಿನ ಬೇಕರಿಯಲ್ಲಿದ್ದಾರೆ. ರಾತ್ರಿ ಹನ್ನೊಂದಕ್ಕೆ ಹಿಟ್ಟು ಕಲಸಲು ಶುರುಮಾಡಿದರೆ ಬೆಳಿಗ್ಗೆ ಎಂಟಕ್ಕೆ ಕೆಲಸ ಮುಗಿಯುತ್ತದೆ. ಅದಕ್ಕೆ ಮೊದಲೇ ಇನ್ನೂರಕ್ಕೂ ಹೆಚ್ಚು ಜನರ ತಿಂಡಿಗೆ ಬಿಸಿ ಬ್ರೆಡ್ ತಯಾರಾಗಿರಬೇಕು.

ಕಳೆದ ಜೂನ್‌ನಲ್ಲಿ ಆ ಹಡಗು ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಕರಾವಳಿಯಲ್ಲಿ ಸುತ್ತುತ್ತಿತ್ತು. ಜೂನ್ 21ರಂದು ನ್ಯೂ-ಓಲೆಸುಂಡ್ ಎಂಬ ಊರಲ್ಲಿ ನಿಲ್ಲುತ್ತದೆ, ಕೆಲಸದವರಿಗೂ ಪಾಳಿಯ ಮೇಲೆ ಇಳಿಯಲು ಬಿಡುತ್ತಾರೆ ಎಂದು ಭಾವ ಮೊದಲೇ ತಿಳಿಸಿದ್ದರು. ಹತ್ತನೇ ತರಗತಿಯಲ್ಲಿ ಅದನ್ನು ಹೇಳಿದೆ. ಅಲ್ಲಿ ಈಗ ಮಧ್ಯರಾತ್ರಿಯೂ ಬಿಸಿಲು ಅಂದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಟೀಚರೇ, ಹಾಗಾದರೆ ಮಧ್ಯರಾತ್ರಿ ನೆರಳು ಎಷ್ಟು ಉದ್ದ ಇರ್ತದೆ?"

ನನಗೆ ಕೂಡಲೇ ಹೇಳಲು ಆಗಲಿಲ್ಲ. ಭಾವನಿಗೇ ಕೆಲಸ ಕೊಟ್ಟೆವು. ಒಂದು ನೇರವಾದ ಕೋಲು ಹುಡುಕಿ. ಅದರ ಉದ್ದ ಅಳೆಯಿರಿ. ಮಧ್ಯಾಹ್ನ ಒಮ್ಮೆ, ಮಧ್ಯರಾತ್ರಿ ಒಮ್ಮೆ ಅದನ್ನು ನೆಟ್ಟಗೆ ನಿಲ್ಲಿಸಿ ನೆರಳಿನ ಉದ್ದ ಕಳಿಸಿ. ಇಷ್ಟೇ.

"ಇಲ್ಲಿ ಕೋಲು ಎಲ್ಲಿಂದ ತರುವುದು, ಮರವೇ ಇಲ್ಲ" ಎಂದು ಉತ್ತರ ಬಂತು. ಮಾತು ನಿಜ. ಸ್ವಾಲ್‌ಬಾರ್ಡ್‌ನಲ್ಲಿ ಎದ್ದು ನಿಲ್ಲುವ ಒಂದು ಮರವೂ ಇಲ್ಲ. ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ನೆಲ ಒರೆಸುವ ಮೋಪಿನ ಕೋಲು. ಉದ್ದ 120 ಸೆಂ.ಮೀ.

ಇಳಿಯುವ ಮೊದಲು ಹಡಗಿನಲ್ಲಿ ಒಂದು ಸೂಚನೆ ಕೊಟ್ಟರಂತೆ: ಎಲ್ಲರೂ ಮೊಬೈಲಿನ ವೈಫೈ, ಬ್ಲೂಟೂತ್ ಆಫ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ. ಕೈಗೆ ಕಟ್ಟಿದ ಸ್ಮಾರ್ಟ್ ವಾಚೂ ಆಫ್. ಯಾಕೆ ಗೊತ್ತುಂಟಾ? ಆ ಊರಿನ ಅಂಚಿನಲ್ಲಿ ದೊಡ್ಡ ಬಟ್ಟಲಿನಂಥ ಆಂಟೆನಾಗಳಿವೆ. ಅವು ಕೇಳಿಸಿಕೊಳ್ಳುವುದು ಕ್ವೇಸಾರ್‌ಗಳನ್ನು, ಅಂದರೆ ನೂರಾರು ಕೋಟಿ ಜ್ಯೋತಿರ್ವರ್ಷ ಆಚೆ ಇರುವ ಕಾಯಗಳಿಂದ ಬರುವ ರೇಡಿಯೋ ಅಲೆಗಳನ್ನು. ಭೂಮಿಯ ಬೇರೆಬೇರೆ ಕಡೆಯ ಆಂಟೆನಾಗಳು ಒಂದೇ ಕ್ವೇಸಾರ್‌ನ ಅಲೆಯನ್ನು ಹಿಡಿದು, ಯಾರಿಗೆ ಎಷ್ಟು ಮೊದಲು ಬಂತು ಎಂದು ಹೋಲಿಸುತ್ತವೆ. ಭೂಮಿ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಖಂಡಗಳು ಎಷ್ಟು ಸರಿದಿವೆ ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುವುದು ಹೀಗೆ. ನಿಮ್ಮ ಅಪ್ಪನ ಫೋನಿನ ಜಿಪಿಎಸ್ ದಾರಿ ತಪ್ಪದಿರುವುದರ ಹಿಂದೆ ಇಂಥ ಅಳತೆಗಳೂ ಇವೆ. ಅಷ್ಟು ದೂರದಿಂದ ಬರುವ ಪಿಸುಮಾತಿನ ಹತ್ತಿರ ಒಂದು ಬ್ಲೂಟೂತ್ ಅಂದರೆ ಲೈಬ್ರೆರಿಯಲ್ಲಿ ಚೆಂಡೆ ಬಡಿದಂತೆ. ಅದಕ್ಕೆ ಊರಿನ ಸುತ್ತ 20 ಕಿ.ಮೀ. ವರೆಗೆ 2ರಿಂದ 32 ಗಿಗಾಹರ್ಟ್ಸ್ ನಡುವೆ ಅನುಮತಿ ಇಲ್ಲದೆ ಯಾರೂ ಅಲೆ ಬಿಡುವಂತಿಲ್ಲ. ವೈಫೈ, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್. ಹಾಗಾಗಿ ಭಾವ ಅಳೆದದ್ದು ನಮಗೆ ತಲುಪಿದ್ದು ಮರುದಿನ ಸಂಜೆ. ಅಲ್ಲಿಯವರೆಗೆ ಇಡೀ ತರಗತಿ ನನ್ನ ಫೋನನ್ನೇ ನೋಡುತ್ತಿತ್ತು.

ನ್ಯೂ-ಓಲೆಸುಂಡ್ ಇರುವುದು ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಕಾಂಗ್ಸ್‌ಫಿಯೋರ್ಡನ್ ಎಂಬ ಫಿಯೋರ್ಡ್‌ನ ದಡದಲ್ಲಿ. ಹಿಮನದಿ ಕೊರೆದ ಆಳವಾದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫಿಯೋರ್ಡ್. ಅಕ್ಷಾಂಶ 78 ಡಿಗ್ರಿ 55 ಮಿನಿಟ್ ಉತ್ತರ. ಬಣ್ಣಬಣ್ಣದ ಮರದ ಮನೆಗಳು, ಕಲ್ಲುಮಣ್ಣಿನ ರಸ್ತೆ, ಚಳಿಗಾಲದಲ್ಲಿ ಮೂವತ್ತು-ನಲವತ್ತು ಜನ, ಬೇಸಿಗೆಯಲ್ಲಿ ನೂರಕ್ಕಿಂತ ಹೆಚ್ಚು. ನಮ್ಮ ಶಾಲೆಯ ಒಂದು ತರಗತಿಯಷ್ಟು ಜನ ಇಡೀ ಚಳಿಗಾಲ ಅಲ್ಲಿರುತ್ತಾರೆ ಅನ್ನಿ. ಇರುವವರೆಲ್ಲ ಒಂದೋ ಸಂಶೋಧಕರು, ಇಲ್ಲ ಅವರಿಗೆ ಅಡುಗೆ, ಕರೆಂಟು, ನೀರು ನೋಡಿಕೊಳ್ಳುವವರು. ಪ್ರವಾಸಿಗಳು ರಸ್ತೆ ಬಿಟ್ಟು ಇಳಿಯುವಂತಿಲ್ಲ. ಊರಾಚೆ ಹೋಗಬೇಕಾದರೆ ಬಂದೂಕು ಹಿಡಿದವರು ಜೊತೆಗೆ ಬೇಕು, ಯಾಕೆಂದರೆ ಹಿಮಕರಡಿ ಯಾವಾಗ ಬರುತ್ತದೆ ಹೇಳಲಾಗದು. ಇದೇ ಕಾರಣಕ್ಕೆ ಅಲ್ಲಿ ಮನೆಗಳಿಗೆ ಬೀಗ ಹಾಕುವುದಿಲ್ಲ. ಕರಡಿ ಕಂಡರೆ ಹತ್ತಿರದ ಯಾವ ಮನೆಗಾದರೂ ನುಗ್ಗಬಹುದು.

ಭಾವನಿಗೆ ಕರಡಿ ಸಿಗಲಿಲ್ಲ. ತೊಂದರೆ ಕೊಟ್ಟದ್ದು ಅಂಗೈಗಿಂತ ಸ್ವಲ್ಪ ದೊಡ್ಡ ಮೈಯ ಒಂದು ಹಕ್ಕಿ. ಆರ್ಕ್‌ಟಿಕ್ ಟರ್ನ್ ಎಂದು ಹೆಸರು. ಬಿಳಿ-ಬೂದು ಮೈ, ಕರಿ ಟೊಪ್ಪಿ, ರಕ್ತಗೆಂಪು ಕೊಕ್ಕು. ರಸ್ತೆ ಬದಿಯ ಜಲ್ಲಿಯಲ್ಲೇ ಮೊಟ್ಟೆ ಇಡುತ್ತದೆ. ಯಾರಾದರೂ ಹತ್ತಿರ ಹೋದರೆ ಕಿರುಚುತ್ತಾ ಬಂದು ನೆತ್ತಿಗೆ ಕುಕ್ಕುತ್ತದೆ. ಆದರೆ ಅದಕ್ಕೊಂದು ಚಟ: ಎದುರಾಳಿಯ ಅತಿ ಎತ್ತರದ ಭಾಗಕ್ಕೇ ಕುಕ್ಕುವುದು. ತಲೆಯ ಮೇಲೆ ಕೋಲು ಎತ್ತಿ ಹಿಡಿದರೆ ಕೋಲಿನ ತುದಿಗೆ ಕುಕ್ಕುತ್ತದೆ. "ಮೋಪಿನ ಕೋಲು ಹಿಡಿದು ಹೊರಟಾಗ ಜೊತೆಯವರೆಲ್ಲ ನಗಾಡಿದರು. ಹತ್ತು ನಿಮಿಷದಲ್ಲಿ ಎಲ್ಲರೂ ನನ್ನ ಹಿಂದೆ ಸಾಲಾಗಿ ಬಂದರು" ಎಂದು ಭಾವ ಧ್ವನಿಸಂದೇಶದಲ್ಲಿ ಹೇಳಿದ್ದನ್ನು ಮಕ್ಕಳು ಮೂರು ಸಲ ಹಾಕಿಸಿ ಕೇಳಿದರು. ಈ ಹಕ್ಕಿ ಆರ್ಕ್‌ಟಿಕ್‌ನ ಬೇಸಿಗೆ ಮುಗಿಯುತ್ತಿದ್ದಂತೆ ಅಂಟಾರ್ಕ್‌ಟಿಕಾಕ್ಕೆ ಹಾರಿ, ಅಲ್ಲಿಯ ಬೇಸಿಗೆ ಮುಗಿಸಿ ವಾಪಸು ಬರುತ್ತದೆ. ವರ್ಷಕ್ಕೆ ಸುಮಾರು 70,000 ಕಿ.ಮೀ. ಹಾರುತ್ತದೆ. ಇದರಷ್ಟು ಬಿಸಿಲು ಕಾಣುವ ಜೀವಿ ಭೂಮಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಊರ ನಡುವೆ ಆಟಿಕೆಯ ಹಾಗೆ ಕಾಣುವ ಒಂದು ಉಗಿಬಂಡಿ ನಿಂತಿದೆ. ಅದರ ಹಿಂದೆ ಎರಡು-ಮೂರು ತೆರೆದ ಡಬ್ಬಿ. ಇಲ್ಲಿಂದ ಕಥೆಗೆ ಬೇರೆ ಬಣ್ಣ ಬರುತ್ತದೆ.

ಈ ಊರು ಹುಟ್ಟಿದ್ದೇ ಕಲ್ಲಿದ್ದಲಿಗಾಗಿ. ಸುಮಾರು 6 ಕೋಟಿ ವರ್ಷದ ಹಿಂದೆ ಭೂಮಿ ಈಗಿಗಿಂತ ಎಷ್ಟೋ ಬೆಚ್ಚಗಿತ್ತು, ಇವತ್ತು ಒಂದು ಮರವೂ ಇಲ್ಲದ ಈ ನೆಲದಲ್ಲಿ ಕಾಡು ಇತ್ತು. ಆ ಕಾಡು ಹೂತುಹೋಗಿ ಕಲ್ಲಿದ್ದಲಾಯಿತು. 1916ರಲ್ಲಿ ಗಣಿ ಕೆಲಸ ಶುರುವಾಯಿತು. ತೋಡಿದ್ದನ್ನು ಹಡಗುಕಟ್ಟೆಗೆ ಎಳೆದು ತರುತ್ತಿದ್ದದ್ದು ಈ ಪುಟ್ಟ ರೈಲು. ಅಪಘಾತಗಳು ಮತ್ತೆ ಮತ್ತೆ ಆದವು. 1962ರ ನವೆಂಬರ್ 5ರಂದು ಗಣಿಯೊಳಗೆ ಸ್ಫೋಟವಾಗಿ 21 ಕಾರ್ಮಿಕರು ಸತ್ತರು. ಆ ಮೇಲೆ ಗಣಿ ತೆರೆಯಲಿಲ್ಲ. ಎಚ್ಚರ ವಹಿಸಲಿಲ್ಲ ಎಂಬ ಆರೋಪದಲ್ಲಿ ಮರುವರ್ಷ ನಾರ್ವೆಯ ಸರಕಾರವೇ ಬಿತ್ತು.

ಊರಿನ ಹೊರಗೆ ಒಂದು ಕಬ್ಬಿಣದ ಕಂಬವೂ ಉಂಟು, ನಮ್ಮ ಮೊಬೈಲ್ ಟವರಿನಂತೆ. 1926ರ ಮೇ 11ರಂದು ಅಮುಂಡ್‌ಸನ್, ಎಲ್ಸ್‌ವರ್ತ್, ನೋಬಿಲೆ ಮತ್ತು ಸಂಗಡಿಗರು, ಒಟ್ಟು 16 ಜನ, 'ನೋರ್ಗೆ' ಎಂಬ ವಾಯುನೌಕೆಯಲ್ಲಿ ಇಲ್ಲಿಂದ ಹೊರಟು ಮರುದಿನ ಉತ್ತರ ಧ್ರುವದ ಮೇಲೆ ಹಾರಿ ಅಲಾಸ್ಕ ತಲುಪಿದರು. ಆ ನೌಕೆಯನ್ನು ಕಟ್ಟಲು ನಿಲ್ಲಿಸಿದ ಕಂಬ ಅದು. ಎರಡೇ ವರ್ಷದಲ್ಲಿ ನೋಬಿಲೆಯ ಇನ್ನೊಂದು ವಾಯುನೌಕೆ ಹಿಮದ ಮೇಲೆ ಬಿತ್ತು. ಅವರನ್ನು ಹುಡುಕಲು ವಿಮಾನದಲ್ಲಿ ಹೋದ ಅಮುಂಡ್‌ಸನ್ ಮರಳಲೇ ಇಲ್ಲ. ಅವರಿಬ್ಬರಿಗೆ ಆಗ ಮಾತೂ ಸರಿಯಿರಲಿಲ್ಲ, ಆದರೂ ಹೋದರು.

ಗಣಿ ಮುಚ್ಚಿದ ಊರಿಗೆ ವಿಜ್ಞಾನಿಗಳು ಬಂದರು. ಬೇರೆಬೇರೆ ದೇಶಗಳ ಕೇಂದ್ರಗಳು ಹಳೆಯ ಗಣಿ ಕಾರ್ಮಿಕರ ಮನೆಗಳ ಸಾಲಿನಲ್ಲೇ ಇವೆ. ಚೀನಾದ ಕೇಂದ್ರದ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ. ಇನ್ನೊಂದು ಬಾಗಿಲ ಮುಂದೆ ಭಾವ ನಿಂತುಬಿಟ್ಟರಂತೆ, ಫಲಕದಲ್ಲಿ 'ಹಿಮಾದ್ರಿ' ಎಂದಿತ್ತು. ನಮ್ಮ ದೇಶದ ಆರ್ಕ್‌ಟಿಕ್ ಕೇಂದ್ರ ಅದು. 2008ರ ಜುಲೈ 1ರಂದು ಉದ್ಘಾಟನೆಯಾಯಿತು. 2023ರ ಡಿಸೆಂಬರಿನಿಂದ ಸೂರ್ಯನೇ ಹುಟ್ಟದ ಚಳಿಗಾಲದಲ್ಲೂ ನಮ್ಮವರು ಅಲ್ಲಿದ್ದು ಕೆಲಸ ಮಾಡುತ್ತಿದ್ದಾರೆ. ಅದನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ನಮ್ಮ ನೆರೆಯ ಗೋವಾದ ವಾಸ್ಕೋದಲ್ಲಿ. ಗೋವಾದ ಕನ್ನಡ ಶಾಲೆಯ ಮಕ್ಕಳಿಗೆ ಅದು ಬಸ್ಸಿನ ದಾರಿ. ಇನ್ನೊಂದು ವಿಷಯ ನಿಮಗೆ ಆಶ್ಚರ್ಯವಾದೀತು. ಸ್ವಾಲ್‌ಬಾರ್ಡ್ ಯಾರಿಗೆ ಸೇರಬೇಕು ಎಂಬ 1920ರ ಒಪ್ಪಂದಕ್ಕೆ ಬ್ರಿಟಿಷರ ಕೈಕೆಳಗಿದ್ದ ಭಾರತವೂ ಸೇರಿತ್ತು. ದ್ವೀಪ ನಾರ್ವೆಯದ್ದು, ಆದರೆ ಒಪ್ಪಂದಕ್ಕೆ ಸೇರಿದ ದೇಶಗಳವರು ಅಲ್ಲಿಗೆ ಹೋಗಿ ದುಡಿಯಲು ಸಮಾನ ಹಕ್ಕುಳ್ಳವರು.

ಭಾರತಕ್ಕೆ ಅಲ್ಲೇನು ಕೆಲಸ ಎಂದು ಕೇಳುತ್ತೀರಿ. 2014ರಲ್ಲಿ ನಮ್ಮ ವಿಜ್ಞಾನಿಗಳು ಇದೇ ಫಿಯೋರ್ಡ್‌ನಲ್ಲಿ, ನೀರು 192 ಮೀಟರ್ ಆಳವಿರುವಲ್ಲಿ 'ಇಂಡಾರ್ಕ್' ಎಂಬ ಉಪಕರಣಗಳ ಸರವನ್ನು ಇಳಿಬಿಟ್ಟರು. ನೀರಿನ ಉಷ್ಣತೆ, ಉಪ್ಪು, ಹರಿವು ಅಳೆಯುವುದು ಅದರ ಕೆಲಸ. ಆರ್ಕ್‌ಟಿಕ್ ಬಿಸಿಯಾಗುವುದಕ್ಕೂ ನಮ್ಮ ಮುಂಗಾರಿಗೂ ಎಂಥ ನಂಟು ಉಂಟು ಎಂಬುದು ಅವರು ಬೆನ್ನು ಹತ್ತಿರುವ ಪ್ರಶ್ನೆ. ನಾವು ಆ ಜೂನ್ 21ರಂದು ಶಾಲೆಯ ಅಂಗಳದಲ್ಲೂ 120 ಸೆಂ.ಮೀ. ಕೋಲು ನಿಲ್ಲಿಸಿ ಅಳೆಯಬೇಕೆಂದಿದ್ದೆವು. ಲೆಕ್ಕದ ಪ್ರಕಾರ ನಮ್ಮಲ್ಲಿ 23 ಸೆಂ.ಮೀ. ನೆರಳು, ಅದೂ ದಕ್ಷಿಣಕ್ಕೆ ಬೀಳಬೇಕು. ಎಲ್ಲಿಯ ನೆರಳು! ಬೆಳಿಗ್ಗಿನಿಂದ ಮಳೆ. ಧ್ರುವದ ಹತ್ತಿರ ಬಿಸಿಲು, ಕಾಸರಗೋಡಿನಲ್ಲಿ ಸೂರ್ಯ ಇಲ್ಲ.

ಈಗ ನೆರಳಿಗೆ ಬರೋಣ. ಮಧ್ಯಾಹ್ನ ಅಂದರೆ ಗಡಿಯಾರದ ಹನ್ನೆರಡು ಅಲ್ಲ, ನೆರಳು ಅತಿ ಗಿಡ್ಡ ಆಗುವ ಹೊತ್ತು. ನಮ್ಮಲ್ಲಿ ಅದು ಜೂನ್ 21ಕ್ಕೆ ಸುಮಾರು 12.32. ನ್ಯೂ-ಓಲೆಸುಂಡ್‌ನಲ್ಲಿ ಬೇಸಿಗೆಯ ಗಡಿಯಾರ ಒಂದು ಗಂಟೆ ಮುಂದಿಟ್ಟಿರುವ ಕಾರಣ ಸುಮಾರು 1.14. ಇದನ್ನು ಭಾವನಿಗೆ ಮೊದಲೇ ಹೇಳಿದ್ದೆವು. ಒಂದರಿಂದ ಒಂದೂವರೆವರೆಗೆ ಹಡಗುಕಟ್ಟೆಯ ಮೇಲೆ ಐದೈದು ನಿಮಿಷಕ್ಕೊಮ್ಮೆ ಅಳೆದು, ಅತಿ ಗಿಡ್ಡದ್ದನ್ನು ಕಳಿಸಿದರು: 176 ಸೆಂ.ಮೀ., ನೆರಳು ಉತ್ತರಕ್ಕೆ. ಅದೇ ರಾತ್ರಿ, ಅಂದರೆ ಬೆಳಗಿನ ಜಾವ 1.14ಕ್ಕೆ, ಫಿಯೋರ್ಡ್ ಬಾಯಿಯ ಹತ್ತಿರ ಹಡಗು ನಿಂತಿದ್ದಾಗ ಹಿಟ್ಟು ಉಬ್ಬಲು ಇಟ್ಟು ಡೆಕ್ಕಿಗೆ ಓಡಿ ಅಳೆದದ್ದು: 540 ಸೆಂ.ಮೀ., ನೆರಳು ದಕ್ಷಿಣಕ್ಕೆ!

ಕೋಲಿನ ಉದ್ದವನ್ನು ನೆರಳಿನ ಉದ್ದದಿಂದ ಭಾಗಿಸಿದರೆ ಸಿಗುವುದು ಸೂರ್ಯನ ಕೋನದ ಟ್ಯಾನ್ ಬೆಲೆ. ಹತ್ತನೆಯವರು ಕೋಷ್ಟಕ ನೋಡಿ ಹೇಳಿದರು: ಮಧ್ಯಾಹ್ನ 34.3 ಡಿಗ್ರಿ, ಮಧ್ಯರಾತ್ರಿ 12.5 ಡಿಗ್ರಿ.

ಇನ್ನು ಸ್ವಲ್ಪ ಯೋಚಿಸಿ. ಸರಿಯಾಗಿ ಧ್ರುವದಲ್ಲಿ ನಿಂತವರಿಗೆ ಸೂರ್ಯ ಇಡೀ ದಿನ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಾನೆ. ಹಗಲು-ರಾತ್ರಿ ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ. ಧ್ರುವದಿಂದ ಒಂದು ಡಿಗ್ರಿ ದೂರ ಬಂದರೆ ಮಧ್ಯಾಹ್ನದ ಸೂರ್ಯ ಒಂದು ಡಿಗ್ರಿ ಮೇಲೇರುತ್ತಾನೆ, ಮಧ್ಯರಾತ್ರಿಯವನು ಒಂದು ಡಿಗ್ರಿ ಇಳಿಯುತ್ತಾನೆ. ಅಂದರೆ ಎರಡರ ವ್ಯತ್ಯಾಸದ ಅರ್ಧವೇ ಧ್ರುವದಿಂದ ನಮ್ಮ ದೂರ. 34.3ರಿಂದ 12.5 ಕಳೆದರೆ 21.8, ಅದರ ಅರ್ಧ 10.9. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಭಾವ ಉತ್ತರ ಧ್ರುವದಿಂದ 1210 ಕಿ.ಮೀ. ದೂರದಲ್ಲಿದ್ದರು. ನಿಜವಾದ ದೂರ ಸುಮಾರು 1230. ನೆಲ ಒರೆಸುವ ಕೋಲಿಗೆ 20 ಕಿ.ಮೀ. ತಪ್ಪು ಮಾಫಿ, ಅಲ್ಲವೇ?

ಅದಕ್ಕಿಂತ ಚೆಂದದ್ದು ಇನ್ನೊಂದು. ಎರಡು ಕೋನ ಕೂಡಿಸಿ ಅರ್ಧ ಮಾಡಿ ನೋಡಿ. 46.8ರ ಅರ್ಧ 23.4. ಈ ಸಂಖ್ಯೆ ಎಲ್ಲಿಯೋ ಓದಿದ ನೆನಪು ಉಂಟಾ? ಭೂಮಿಯ ಅಕ್ಷದ ಓರೆ! ಜೂನ್ 21 ಆದ ಕಾರಣ ಅದು ಪೂರ್ತಿ ಸಿಕ್ಕಿತು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಂಖ್ಯೆಯನ್ನು ಒಂದು ಮೋಪಿನ ಕೋಲು ಕೊಟ್ಟಿತು ಎಂದು ಹಿಂದಿನ ಬೆಂಚು ಕುಣಿದಾಡಿತು. ನಾನೂ ಸ್ವಲ್ಪ ಕುಣಿದೆ ಅನ್ನಿ.

ಆದರೆ ಭಾವನ ಧ್ವನಿಸಂದೇಶದಲ್ಲಿ ಇನ್ನೂ ಮಾತಿತ್ತು.

ಹಡಗುಕಟ್ಟೆಯಿಂದ ನೋಡಿದರೆ ಊರಿನ ಹಿಂದೆ ಝೆಪ್ಪೆಲಿನ್ ಎಂಬ ಬೆಟ್ಟ. ಸಮುದ್ರಮಟ್ಟದಿಂದ 474 ಮೀಟರ್ ಎತ್ತರದಲ್ಲಿ ಅಲ್ಲೊಂದು ವೀಕ್ಷಣಾಲಯ. ತಂತಿಗೆ ತೂಗುಬಿದ್ದ ಪುಟ್ಟ ಡಬ್ಬಿಯಲ್ಲಿ ಹೋಗಬೇಕು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್, ಮೀಥೇನ್, ಮಸಿ ಎಷ್ಟಿದೆ ಎಂದು ಅದು ವರ್ಷವಿಡೀ ಅಳೆಯುತ್ತದೆ. ಕಾರ್ಖಾನೆ, ಹೆದ್ದಾರಿಗಳಿಂದ ಇಷ್ಟು ದೂರದ ಗಾಳಿಯಲ್ಲಿ ಸಿಗುವ ಸಂಖ್ಯೆ ಯಾವುದೋ ಒಂದು ಊರಿನದ್ದಲ್ಲ, ಇಡೀ ಭೂಮಿಯ ಉತ್ತರಾರ್ಧದ್ದು. ಕಲ್ಲಿದ್ದಲು ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ 280ರ ಸುಮಾರು ಇತ್ತು, ಇಂದು 420 ದಾಟಿದೆ. ಬುಡದಲ್ಲಿ ಕಲ್ಲಿದ್ದಲು ತೋಡಿದ ಗಣಿ, ತಲೆಯ ಮೇಲೆ ಅದರ ಹೊಗೆಯ ಲೆಕ್ಕ. ಒಂದೇ ಊರು.

ಭಾವ ಹೇಳಿದ್ದು ಇಷ್ಟು: "ಕೋಲು ಹಿಡಿದು ನಿಂತಿದ್ದೆ. ತಿರುಗಿ ನೋಡಿದರೆ ನಮ್ಮ ಹಡಗಿನ ಚಿಮಣಿಯಿಂದ ಹೊಗೆ ಹೋಗುತ್ತಾ ಇತ್ತು. ಗಾಳಿ ಬೆಟ್ಟದ ಕಡೆಗಿತ್ತು. ನಾನು ಬ್ರೆಡ್ ಬೇಯಿಸುವ ಒಲೆಗೆ ಕರೆಂಟು ಬರುವುದೂ ಅದೇ ಎಂಜಿನಿನಿಂದ."

ಪ್ರವಾಸಿ ಹಡಗು ಕಟ್ಟೆಗೆ ಬಂದ ದಿನ ಆ ಬೆಟ್ಟದ ಉಪಕರಣಗಳಲ್ಲಿ ಅದರ ಹೊಗೆ ಕಾಣಿಸುತ್ತದೆ. ಇದನ್ನು ವಿಜ್ಞಾನಿಗಳು ಅಳೆದು ಪ್ರಕಟಿಸಿದ್ದಾರೆ. ನಾರ್ವೆ ಸರಕಾರ ಸುಮ್ಮನೆ ಕುಳಿತಿಲ್ಲ. 2022ರಿಂದ ಸ್ವಾಲ್‌ಬಾರ್ಡ್‌ನ ಸಮುದ್ರದಲ್ಲಿ ಹಡಗುಗಳು ದಪ್ಪ ಭಾರ ಇಂಧನ ತೈಲ ಉರಿಸುವಂತಿಲ್ಲ. 2025ರಿಂದ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಆದರೂ ಹಿಮ ನೋಡಬೇಕೆಂಬ ಆಸೆಯಲ್ಲಿ ಬರುವವರು ಇದ್ದೇ ಇದ್ದಾರೆ. ಹಿಮವೋ, ಕಾಯುವುದಿಲ್ಲ. 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಬಿಳಿ ಹಿಮ ಬಿಸಿಲನ್ನು ವಾಪಸು ಕಳಿಸುತ್ತದೆ. ಅದು ಕರಗಿ ಕಪ್ಪು ನೀರು ಮೇಲೆ ಬಂದರೆ ಅದೇ ಬಿಸಿಲನ್ನು ಹೀರುತ್ತದೆ, ಇನ್ನಷ್ಟು ಹಿಮ ಕರಗುತ್ತದೆ. ಬಿಳಿ ಅಂಗಿ, ಕಪ್ಪು ಅಂಗಿ ಹಾಕಿ ಏಪ್ರಿಲ್ ಬಿಸಿಲಿನಲ್ಲಿ ನಿಂತ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಊರಿನ ಎದುರು, ಫಿಯೋರ್ಡ್‌ನ ಆಚೆ ದಡದ ಹತ್ತಿರ ಒಂದು ದ್ವೀಪ ಕಾಣುತ್ತದೆ. ಹೆಸರು ಬ್ಲೋಮ್‌ಸ್ಟ್ರಾಂಡ್‌ಹಾಲ್ವೋಯ. ನಾರ್ವೆಯ ಭಾಷೆಯಲ್ಲಿ 'ಹಾಲ್ವೋಯ' ಅಂದರೆ ಪರ್ಯಾಯದ್ವೀಪ, ಮೂರು ಕಡೆ ಮಾತ್ರ ನೀರು. ಹೆಸರಿಟ್ಟವರು ತಪ್ಪು ಮಾಡಿದ್ದಲ್ಲ. ನಾಲ್ಕನೇ ಕಡೆ ಹಿಮನದಿ ಅದನ್ನು ನೆಲಕ್ಕೆ ಅಂಟಿಸಿಕೊಂಡಿತ್ತು. 1990ರ ದಶಕದಲ್ಲಿ ಹಿಮನದಿ ಹಿಂದೆ ಸರಿದಾಗ ಅಡಿಯಲ್ಲಿ ನೆಲ ಇರಲಿಲ್ಲ, ಸಮುದ್ರ ಇತ್ತು! ನಕಾಶೆಯಲ್ಲಿ ಹೆಸರು ಇವತ್ತಿಗೂ ಹಾಗೇ ಇದೆ.

ತರಗತಿಯಲ್ಲಿ ಆ ದಿನ ಜಗಳವೇ ಆಯಿತು. ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರೇ, ಆ ಹಡಗು ಅಲ್ಲಿಗೆ ಹೋಗಬಾರದಿತ್ತು" ಎಂದಳು. ಅವಳ ಮನೆಯಿಂದ ಕಡಲು ಎಷ್ಟು ದೂರ ಅಂತ ನನಗೆ ಗೊತ್ತು. ಪ್ರತಿ ಮಳೆಗಾಲವೂ ಅದು ಕಡಿಮೆಯಾಗುತ್ತದೆ. ಅದಕ್ಕೆ ಆರ್ಕ್‌ಟಿಕ್ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಮರಳು ತೆಗೆಯುವುದು, ಕಲ್ಲಿನ ತಡೆಗೋಡೆಗಳು, ಎಲ್ಲ ಸೇರಿವೆ. ಆದರೆ 1993ರಿಂದ ಇಲ್ಲಿಯವರೆಗೆ ಜಗತ್ತಿನ ಸಮುದ್ರಮಟ್ಟ ಸುಮಾರು 10 ಸೆಂ.ಮೀ. ಏರಿದ್ದು ಉಪಗ್ರಹಗಳ ಅಳತೆ. ಇನ್ನೊಬ್ಬ ಹುಡುಗ ಕೂಡಲೇ ಎದ್ದ: "ಹೋಗದಿದ್ದರೆ ಟೀಚರ ಭಾವನ ಮನೆ ನಡೆಯುವುದು ಹೇಗೆ? ನಮ್ಮ ಅಪ್ಪನೂ ಹಡಗಿನಲ್ಲೇ ಇರುವುದು." ಇಬ್ಬರ ಮಾತೂ ಮುಗಿಯುವ ಮೊದಲು ಬೆಲ್ ಹೊಡೆಯಿತು. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಇವತ್ತಿಗೂ ನಾನು ಇಬ್ಬರ ಕಡೆಗೂ ಅರ್ಧರ್ಧ ಇದ್ದೇನೆ. ನಿಮ್ಮ ತರಗತಿಯಲ್ಲಿ ಈ ಜಗಳ ಮುಂದುವರಿಸಿ, ಯಾರು ಏನಂದರು ಎಂದು ನಮ್ಮ ಪತ್ರಿಕೆಗೆ ಬರೆಯಿರಿ.

ನವೆಂಬರಿನಲ್ಲಿ ಭಾವನ ಹಡಗು ಟರ್ನ್ ಹಕ್ಕಿಯ ಹಾಗೆಯೇ ದಕ್ಷಿಣಕ್ಕೆ, ಅಂಟಾರ್ಕ್‌ಟಿಕಾದ ಕಡೆಗೆ ಹೊರಡುತ್ತದೆ. ಮೋಪಿನ ಕೋಲನ್ನು ಎಸೆಯಲಿಲ್ಲವಂತೆ, ಬೇಕರಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಡಿಸೆಂಬರ್ 21ರಂದು ಅವರು 65 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇರುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಆಗ ನಡುಬೇಸಿಗೆ. ಮಧ್ಯಾಹ್ನ ಕೋಲಿನ ನೆರಳು ಯಾವ ದಿಕ್ಕಿಗೆ, ಎಷ್ಟು ಉದ್ದ? ಮಧ್ಯರಾತ್ರಿ ಹಿಟ್ಟು ಬಿಟ್ಟು ಡೆಕ್ಕಿಗೆ ಓಡಿದರೆ ಅಳೆಯಲು ನೆರಳು ಸಿಕ್ಕೀತೇ? ಹಿಂದಿನ ಬೆಂಚು ಲೆಕ್ಕ ಮುಗಿಸಿ, ಭಾವ ಓಡಬೇಕೋ ಬೇಡವೋ ಎಂದು ಆಗಲೇ ಒಂದು ಚೀಟಿಯಲ್ಲಿ ಬರೆದು ನನ್ನ ಮೇಜಿನೊಳಗೆ ಹಾಕಿದೆ.